ನನ್ನ ಸೊಸೆ ಪಿ.ಇ. ಟೀಚರ್ ಆಗಲಿಲ್ಲ

"ಆಂಟಿ, ಸುಮನಾಗೆ ಯಾವ ಸ್ಕೂಲ್ ಸಿಗಬಹುದು?"

ಕೇಳಿದವಳು ಪಕ್ಕದ ಬ್ಲಾಕಿನ ವೀಣಾ. ಟ್ಯಾಂಪಿನೀಸಿನ ನಮ್ಮ ಮನೆಯ ಕೆಳಗೆ, ಖಾಲಿ ಬಿಟ್ಟ ನೆಲಮಹಡಿ, ಅಂದರೆ ವಾಯ್ಡ್ ಡೆಕ್‌ನ ಬೆಂಚಿನ ಮೇಲೆ ನಾನು ಕೊತ್ತಂಬರಿ ಸೊಪ್ಪಿನ ಚೀಲ ಇಟ್ಟುಕೊಂಡು ಲಿಫ್ಟಿಗೆ ಕಾಯುತ್ತಿದ್ದೆ. ಇದು ಐದಾರು ತಿಂಗಳ ಹಿಂದಿನ ಮಾತು.

"ಇನ್ನೂ ಇಂಟರ್ವ್ಯೂ ಆಗ್ಬೇಕಲ್ಲಮ್ಮ. ಆಮೇಲೆ ಎಲ್ಲಿಗೆ ಹಾಕ್ತಾರೋ," ಎಂದೆ ಗಂಭೀರವಾಗಿ.

ವೀಣಾ ತಲೆಯಾಡಿಸಿದಳು. ತನ್ನ ಮಗ ಓಟದಲ್ಲಿ ಬಹಳ ಹಿಂದೆ, ನೂರು ಮೀಟರ್ ಓಡಿದರೆ ಪಕ್ಕೆ ಹಿಡಿದುಕೊಳ್ಳುತ್ತಾನೆ, ಸುಮನಾ ಶನಿವಾರ ಸ್ವಲ್ಪ ಕೋಚಿಂಗ್ ಕೊಟ್ಟರೆ ಉಪಕಾರವಾಗುತ್ತದೆ ಎಂದು ಹೇಳಿದಳು. ಕೇಳಿ ಹೇಳುತ್ತೇನೆ ಎಂದು ನಾನೂ ಒಪ್ಪಿಕೊಂಡು ಬಂದೆ.

ಇಂಚರ, ಸುಹಾಸ, ಮತ್ತು ವಾರವಾರ ಈ ಪುಟ ಓದುವ (ಅಥವಾ ಅಪ್ಪ ಅಮ್ಮನ ಕೈಲಿ ಓದಿಸಿಕೊಳ್ಳುವ) ಎಲ್ಲ ಮೊಮ್ಮಕ್ಕಳೇ, ನಿಮ್ಮ ಅಜ್ಜಿ ದಡ್ಡಿ ಎಂದು ತೀರ್ಮಾನ ಮಾಡುವ ಮುಂಚೆ ನನ್ನ ಕಡೆಯ ಸಾಕ್ಷಿಗಳನ್ನೂ ಕೇಳಿ.

ಸುಮನಾ ನನ್ನ ಸೊಸೆ. ಕಟ್ಟಡಗಳ ಇಂಜಿನಿಯರ್. ಹದಿನೆಂಟು ವರ್ಷದಿಂದ ಕಂಬ, ತೊಲೆ, ಕಾಂಕ್ರೀಟಿನ ಲೆಕ್ಕ ಹಾಕುತ್ತಿರುವವಳು. ಅವಳು "ಪಿ.ಇ. ಪರೀಕ್ಷೆಗೆ ಓದ್ತಿದೀನಿ" ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ನಮ್ಮ ಫ್ರಿಜ್ಜಿನ ಮೇಲೆ ಇಂಚರಳ ಟೈಮ್‌ಟೇಬಲ್ ಅಂಟಿಸಿದೆ. ಅದರಲ್ಲಿ ಮಂಗಳವಾರ, ಗುರುವಾರ ಪಿ.ಇ. ಎಂದಿದೆ. ಆ ದಿನ ಅವಳು ಚಡ್ಡಿ ಟೀ ಶರ್ಟಿನಲ್ಲಿ ಹೋಗಿ, ಬೆವರಿನಲ್ಲಿ ತೊಯ್ದು ಬರುತ್ತಾಳೆ. ನಮ್ಮೂರ ಶಾಲೆಯಲ್ಲೂ ಒಬ್ಬ ಪಿ.ಇ. ಮೇಷ್ಟ್ರಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು.

ಸುಮನಾ ಬೆಳಗ್ಗೆ ಎದ್ದು ಸೈಕಲ್ ದಾರಿಯಲ್ಲಿ ಓಡಲು ಹೋಗುತ್ತಿದ್ದಳು. ಮತ್ತೇನು ಸಾಕ್ಷಿ ಬೇಕು? ನಲವತ್ತೆರಡು ವರ್ಷಕ್ಕೆ ಕಾಂಕ್ರೀಟು ಸಾಕಾಗಿ ಮಕ್ಕಳಿಗೆ ಆಟ ಕಲಿಸುವ ಆಸೆ ಬಂದಿರಬೇಕು ಎಂದುಕೊಂಡೆ. ಈ ಊರಿನಲ್ಲಿ ನಡುವಯಸ್ಸಿಗೆ ಕೆಲಸ ಬದಲಿಸುವವರು ಎಷ್ಟು ಜನರಿಲ್ಲ?

ಶಕ್ತಿ ಬರಲಿ ಎಂದು ದಿನಾ ರಾಗಿ ಹುರಿಹಿಟ್ಟು ಕಲಸಿ ಕೊಟ್ಟೆ.

ಹೋದ ವರ್ಷ ಅವಳು ಇಂಟರ್ವ್ಯೂನಲ್ಲಿ ಫೇಲಾದಳು. ಯಾಕೆ ಎಂದು ನಾನು ಕೇಳಲಿಲ್ಲ. ನನ್ನ ಮಗ ರಾಘು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಸೈಟ್ ಸ್ವಲ್ಪ ವೀಕು ಅಂದ್ರಂತೆ." ಅಯ್ಯೋ ಪಾಪ, ದಿನವಿಡೀ ಕಂಪ್ಯೂಟರ್ ನೋಡಿದರೆ ಕಣ್ಣು ಹಾಳಾಗದೆ ಇರುತ್ತದೆಯೇ? ವಾರಕ್ಕೆ ಮೂರು ದಿನ ಕ್ಯಾರೆಟ್ ಪಲ್ಯ ಮಾಡಿದೆ. ಅವಳು ಬಡಿಸಿದ್ದನ್ನೆಲ್ಲ ತಿಂದಳು.

ಕೇಳಬಹುದಿತ್ತಲ್ಲ ಎನ್ನುತ್ತೀರಿ. ನನಗೆ ಕೇಳುವುದೇ ಕಷ್ಟ. ನಮ್ಮ ಶಾಲೆಯಲ್ಲಿ ಕೈ ಎತ್ತಿದವರ ಮೇಲೆಯೇ ಮೊದಲು ಬೆತ್ತ ಬೀಳುತ್ತಿತ್ತು. ಮೂರನೇ ಕ್ಲಾಸಿನಲ್ಲಿ ಇಳಿಸಿದ ಕೈ, ಇವತ್ತಿಗೂ ಸಲೀಸಾಗಿ ಮೇಲೇಳುವುದಿಲ್ಲ.

ವೀಣಾಳ ಮಾತನ್ನು ಇಂಚರಳಿಗೆ ಹೇಳಿದೆ, ನಿಮ್ಮಮ್ಮನಿಗೆ ಶನಿವಾರ ಪುರುಸೊತ್ತು ಇದೆಯೇ ಎಂದು. ಅವಳು ಸೋಫಾದಿಂದ ಜಾರಿ ನೆಲಕ್ಕೆ ಬಂದಳು. ಬಿಕ್ಕಳಿಕೆ ಬರುವಷ್ಟು ನಕ್ಕು ಆಮೇಲೆ ಹೇಳಿದಳು: "ಅಜ್ಜಿ, ಆ ಪಿ.ಇ. ಅಲ್ಲ ಲಾ. ಪ್ರೊಫೆಷನಲ್ ಇಂಜಿನಿಯರ್." (ಮಾತಿನ ಕೊನೆಗೆ ಲಾ ಸೇರಿಸುವುದು ಈ ಊರಿನ ರೂಢಿ.)

ಅವತ್ತು ಸಂಜೆ ಸುಮನಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಧೈರ್ಯ ಮಾಡಿ ಪಕ್ಕದಲ್ಲಿ ನಿಂತೆ.

"ನೀನು ಆಗ್ಲೇ ಇಂಜಿನಿಯರ್ ಅಲ್ವೇನೆ? ಮತ್ತೆ ಇದೇನು ಪರೀಕ್ಷೆ?"

"ಇಂಜಿನಿಯರೇ ಅತ್ತೆ. ಆದ್ರೆ ಸೈನ್ ಮಾಡೋ ಹಾಗಿಲ್ಲ."

ಅವಳು ಹೇಳಿದ್ದು ಇಷ್ಟು. ಲೆಕ್ಕವೆಲ್ಲ ಅವಳದು. ನಕ್ಷೆಯೂ ಅವಳದೇ. ಆದರೆ ಕೊನೆಯಲ್ಲಿ ಮೂಲೆಯಲ್ಲಿ ಬೀಳುವ ಸಹಿ, ಮುದ್ರೆ ಅವಳ ಆಫೀಸಿನ ಯಜಮಾನ ಲಿಮ್ ಅವರದು. ಅವರು ಲೈಸೆನ್ಸ್ ಇರುವ ಪಿ.ಇ. ಕಟ್ಟಡಕ್ಕೆ ಏನಾದರೂ ಆದರೆ ಮೊದಲು ಉತ್ತರ ಕೊಡಬೇಕಾದವರು ಅವರು. ಆ ಲಿಮ್ ಈ ವರ್ಷದ ಕೊನೆಗೆ ನಿವೃತ್ತರಾಗುತ್ತಾರೆ. ಅಷ್ಟರಲ್ಲಿ ಸುಮನಾಳಿಗೆ ಲೈಸೆನ್ಸ್ ಬಂದರೆ ಆ ಜಾಗ ಅವಳದು. ಬಾರದಿದ್ದರೆ ಹೊರಗಿನಿಂದ ಒಬ್ಬ ಪಿ.ಇ.ಯನ್ನು ತಂದು ಅವಳ ಮೇಲೆ ಕೂರಿಸುತ್ತಾರೆ.

"ಹದಿನೆಂಟು ವರ್ಷದಿಂದ ಬೇರೆಯವರ ಹೆಸರಿನ ಹಿಂದೆ ನಿಂತಿದೀನಿ ಅತ್ತೆ," ಎಂದಳು. "ಒಂದು ಸಲ ನನ್ನ ಕೆಲಸಕ್ಕೆ ನಾನೇ ಜವಾಬು ಕೊಡ್ಬೇಕು."

ಹೋದ ಸಲ ಅವಳು ಕಣ್ಣು ವೀಕೆಂದು ಫೇಲಾದಳು ಎಂದುಕೊಂಡಿದ್ದೆ ಎಂದು ಬಾಯಿಬಿಟ್ಟೆ. ಅವಳು ಚಾಕು ಕೆಳಗಿಟ್ಟು, ಮೆಲ್ಲಗೆ ಕೇಳಿದಳು: "ಅದಕ್ಕಾ ನೀವು ಕ್ಯಾರೆಟ್ ಮಾಡ್ತಿದ್ದಿದ್ದು?"

ಸೈಟ್ ಎಂದರೆ ಕಣ್ಣಲ್ಲ, ಕಟ್ಟಡ ಕೆಲಸ ನಡೆಯುವ ಜಾಗವಂತೆ. ಅಲ್ಲಿ ನಿಂತು ಕಲಿತದ್ದು ಸಾಲದು, ಇನ್ನೂ ಅನುಭವ ಬೇಕು ಎಂದಿದ್ದರಂತೆ. ಈ ಒಂದು ವರ್ಷ ಅದನ್ನೇ ಗಳಿಸುತ್ತಿದ್ದಳಂತೆ. ಒಂದೇ ಪದಕ್ಕೆ ಕಣ್ಣು, ಜಾಗ ಎಲ್ಲ ಅರ್ಥ ಇಟ್ಟರೆ ನಮ್ಮಂಥವರು ಏನು ಮಾಡಬೇಕು? (ಬೆಂಗಳೂರಿನಲ್ಲಿ ಸೈಟ್ ಎಂದರೆ ಮತ್ತೂ ಒಂದು ಅರ್ಥವಿದೆ. ಅದರಲ್ಲಿ ಯಾರೂ ವೀಕ್ ಇಲ್ಲ.)

ಆಮೇಲೆ ನನಗೆ ಈ ಲೈಸೆನ್ಸಿನ ಕಥೆ ರುಚಿಸಿತು. ದಿನಾ ಅಡುಗೆಮನೆಯಲ್ಲಿ ಸ್ವಲ್ಪ ಸ್ವಲ್ಪವೇ ಕೇಳಿ ತಿಳಿದುಕೊಂಡೆ.

ಲಿಮ್ ಅವರ ಕಾಲದಲ್ಲಿ ಇಷ್ಟೆಲ್ಲ ಇರಲಿಲ್ಲವಂತೆ. ಒಪ್ಪಿದ ಕಾಲೇಜಿನ ಡಿಗ್ರಿ, ಕೆಲವು ವರ್ಷದ ಕೆಲಸ, ಹಿರಿಯರ ಮುಂದೆ ಒಂದು ಇಂಟರ್ವ್ಯೂ. ಮುಗಿಯಿತು. ಈಗ ಅದರ ಮುಂಚೆ ಎರಡು ಪರೀಕ್ಷೆ. ಮೊದಲನೆಯದರಲ್ಲಿ ಕಾಲೇಜಿನಲ್ಲಿ ಓದಿದ್ದೆಲ್ಲ ಮತ್ತೆ ಬರುತ್ತದೆ. ಅದಕ್ಕೇ ಸುಹಾಸನೂ ಅವನಮ್ಮನೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದದ್ದು. (ಅವನ ಕ್ಯಾಲ್ಕುಲೇಟರನ್ನು ಅವಳೇ ಕದಿಯುತ್ತಿದ್ದಳು.) ಎರಡನೆಯದರಲ್ಲಿ ಕಾಯಿದೆ, ಕಟ್ಟುವ ನಿಯಮ, ನಿಜವಾದ ಕೆಲಸದ ಪ್ರಶ್ನೆಗಳು. ನಡುವೆ ಒಬ್ಬ ಪಿ.ಇ. ಕೈಕೆಳಗೆ ವರ್ಷಗಟ್ಟಲೆ ಕೆಲಸ. ಕೊನೆಗೆ ಲೈಸೆನ್ಸ್ ಕೊಡುವ ಬೋರ್ಡಿನವರ ಮುಂದೆ ಇಂಟರ್ವ್ಯೂ.

ಹೋಗಲಿ, ಪಾಸಾದ ಮೇಲೆ ಕಾಲು ಚಾಚಬಹುದೇ? ಅದೂ ಇಲ್ಲ. ವರ್ಷ ವರ್ಷ ರಿನ್ಯೂ ಮಾಡಿಸಬೇಕು. ಅದಕ್ಕೆ ತರಗತಿಗಳಿಗೆ ಹೋಗಿ ಪಾಯಿಂಟು ಸಂಪಾದಿಸಬೇಕು. ಲಿಮ್ ಅವರು ಈ ವಯಸ್ಸಿನಲ್ಲಿ ಮಗಳ ವಯಸ್ಸಿನವರ ಪಕ್ಕ ಕೂತು ಪಾಠ ಕೇಳಿ ಬಂದು, ನಮ್ಮ ಕಾಲವೇ ವಾಸಿ ಎಂದು ಗೊಣಗುತ್ತಾರಂತೆ. ಗೊಣಗಿದರೂ ಒಂದು ತರಗತಿ ತಪ್ಪಿಸಿಲ್ಲವಂತೆ.

ನಮ್ಮ ಕಾಲ ಎಂದರೆ ನನಗೆ ಅದಕ್ಕೂ ಹಿಂದಿನದು ನೆನಪಾಗುತ್ತದೆ.

ನನ್ನ ತವರುಮನೆ ಕಟ್ಟಿದ್ದು ಹನುಮಂತಪ್ಪ ಎಂಬ ಮೇಸ್ತ್ರಿ. ಅವನಿಗೆ ಕಾಗದವೂ ಇಲ್ಲ, ಪೆನ್ಸಿಲೂ ಇಲ್ಲ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮನೆ ಬರೆದ. ಅಡುಗೆಮನೆ ಚಿಕ್ಕದಾಯಿತು ಎಂದು ನಮ್ಮಮ್ಮ ಬಾಗಿಲ ಹಿಂದಿನಿಂದ ಹೇಳಿ ಕಳಿಸಿದಳು. ಅವನು ಗೆರೆಯನ್ನು ಕಾಲಿನಲ್ಲಿ ಅಳಿಸಿ ಎರಡು ಮೊಳ ಆಚೆ ಬರೆದ. ಪ್ಲಾನ್ ಸ್ಯಾಂಕ್ಷನ್ ಆಯಿತು.

ಮಾಡು ಹೊದಿಸಿದ ದಿನ ಹನುಮಂತಪ್ಪ ಒಂದು ಪದ್ಧತಿ ಇಟ್ಟುಕೊಂಡಿದ್ದ. ಮನೆಯವರು ಯಾರೂ ಒಳಗೆ ಬರುವ ಹಾಗಿಲ್ಲ. ತಾನೊಬ್ಬನೇ ನಡುಮನೆಯಲ್ಲಿ ಎಲೆ ಹಾಕಿಸಿಕೊಂಡು ಕೂತು, ನಿಧಾನವಾಗಿ ಮುದ್ದೆ ಮುರಿದು, ಸಾರಿಗೆ ಅದ್ದಿ, ಪೂರ್ತಿ ಊಟ ಮುಗಿಸಿ ಏಳುತ್ತಿದ್ದ. ಆಮೇಲೆ ನಾವು. ಬಿದ್ದರೆ ಮೊದಲು ತನ್ನ ತಲೆಯ ಮೇಲೆ ಬೀಳಲಿ ಎನ್ನುವುದು ಅವನ ಲೆಕ್ಕ. ಅವನು ಉಣ್ಣುವುದನ್ನು ಅಂಗಳದಿಂದ ಇಣುಕಿ ನೋಡುತ್ತಿದ್ದ ನಮಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಅವನೋ ಇನ್ನೊಂದು ಸಲ ಸಾರು ಕೇಳುತ್ತಿದ್ದ.

ಅವನ ಲೈಸೆನ್ಸು ಅಷ್ಟೇ. ಅಷ್ಟು ಸಾಕಿತ್ತೇ? ಗೊತ್ತಿಲ್ಲ. ನಮ್ಮ ಮನೆ ನಿಂತಿತು. ಎಲ್ಲರ ಮನೆಯೂ ನಿಲ್ಲುತ್ತಿರಲಿಲ್ಲ. ಮಳೆಗಾಲದಲ್ಲಿ ಗೋಡೆ ಕುಸಿದ ಸುದ್ದಿ ಬಂದರೆ ದೇವರ ಇಚ್ಛೆ ಎನ್ನುತ್ತಿದ್ದರು. ಯಾರ ಸಹಿ ಎಂದು ಯಾರೂ ಹುಡುಕುತ್ತಿರಲಿಲ್ಲ.

ಆಮೇಲಿನ ತಲೆಮಾರು ನಿಮ್ಮ ತಾತ, ಮಕ್ಕಳೇ. ಡಿಪ್ಲೊಮಾ ಓದಿದ ಓವರ್‌ಸಿಯರ್. ಮನೆಯ ಪ್ಲಾನಿಗೆ ಸಹಿ ಹಾಕಲು ನಮ್ಮ ಪಟ್ಟಣದ ಪುರಸಭೆ ಅವರಿಗೆ ಲೈಸೆನ್ಸ್ ಕೊಟ್ಟಿತ್ತು. ಪರೀಕ್ಷೆ ಇಲ್ಲ. ಒಂದು ಅರ್ಜಿ, ಸರ್ಟಿಫಿಕೇಟಿನ ನಕಲು, ಎರಡು ಫೋಟೊ. ಆ ಲೈಸೆನ್ಸಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ದೇವರ ಪಟಕ್ಕೂ ಕ್ಯಾಲೆಂಡರಿಗೂ ನಡುವೆ ತೂಗುಹಾಕಿದ್ದರು. ಊರವರು ಅವರನ್ನು ಇಂಜಿನಿಯರ್ ಸಾಹೇಬ್ರು ಎಂದರು. ನಾನು ಇಂಜಿನಿಯರಮ್ಮ ಆದೆ. (ನನಗೂ ಪರೀಕ್ಷೆ ಇರಲಿಲ್ಲ.)

ಇರಲಿ. ಸುಮನಾಳ ಎರಡನೆಯ ಸಲದ ಇಂಟರ್ವ್ಯೂಗೆ ಮೂರು ವಾರ ಉಳಿದಿತ್ತು. ಅಭ್ಯಾಸಕ್ಕೆ ಯಾರಾದರೂ ಎದುರು ಕೂತು ಪ್ರಶ್ನೆ ಕೇಳಬೇಕು. ರಾಘುವನ್ನು ಕೂರಿಸಿದರೆ ಅವನು ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ತಾನೇ ಹೇಳುತ್ತಿದ್ದ. ಸುಹಾಸ ಫೋನ್ ನೋಡುತ್ತಿದ್ದ. ಇಂಚರ ನಗುತ್ತಿದ್ದಳು. ಕೊನೆಗೆ ಸುಮನಾ ಪ್ರಶ್ನೆಗಳ ಹಾಳೆಯನ್ನು ನನ್ನ ಮುಂದೆ ಇಟ್ಟಳು.

"ಅತ್ತೆ, ನೀವೇ ಬೋರ್ಡ್ ಮೆಂಬರ್."

ನಾನೇ? ಸಭೆಯಲ್ಲಿ ಹೆಸರು ಹೇಳಿ ಎಂದರೂ ಪಕ್ಕದವರ ಮುಖ ನೋಡುವ ನಾನು? ಆದರೂ ಕನ್ನಡಕ ಹಾಕಿಕೊಂಡು ಕೂತೆ. ಬೋರ್ಡಿನವರು ಕೋಟು ಹಾಕಿರುತ್ತಾರೆ ಎಂದು ಇಂಚರ ಅವಳಪ್ಪನ ಕೋಟನ್ನು ಸೀರೆಯ ಮೇಲೆಯೇ ಹೊದಿಸಿದಳು.

ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಅರ್ಥ ಆಗದಿದ್ದರೂ ಬೋರ್ಡ್ ಮೆಂಬರ್ ಹಾಗೆ ಹುಬ್ಬು ಏರಿಸಿದೆ. ಸುಮನಾ ಪಟಪಟ ಎಂದು ಉತ್ತರ ಹೇಳುತ್ತಿದ್ದಳು. ಒಂದು ದಿನ, ಎರಡು ದಿನ. ಮೂರನೆಯ ದಿನ ನನಗೆ ಒಂದು ಅನುಮಾನ ಬಂತು. ನಾನು ಪ್ರಶ್ನೆ ಓದಿ ಮುಗಿಸುವ ಮೊದಲೇ ಅವಳ ಉತ್ತರ ಶುರುವಾಗುತ್ತಿತ್ತು. ಒಂದು ಕಡೆ ನಾನು ತಪ್ಪಿ ಎರಡು ಪ್ರಶ್ನೆಗಳನ್ನು ಸೇರಿಸಿ ಓದಿಬಿಟ್ಟೆ. ಅದಕ್ಕೂ ಉತ್ತರ ಬಂತು.

ಹಾಳೆ ಮಡಿಸಿ ಪಕ್ಕಕ್ಕಿಟ್ಟು, ಕನ್ನಡದಲ್ಲೇ ಕೇಳಿದೆ. "ಗೊತ್ತಿಲ್ದಿರೋದು ಕೇಳಿದ್ರೆ ಏನಂತೀಯ?"

"ಗೊತ್ತಿರೋದನ್ನ ಸುತ್ತಿ ಬಳಸಿ ಹೇಳ್ತೀನಿ. ಸುಮ್ನೆ ಕೂತ್ಕೊಳಕ್ಕಾಗತ್ತಾ ಅತ್ತೆ?"

"ಹೋದ ಸಲಾನೂ ಹಾಗೇ ಮಾಡಿದ್ಯಾ?"

ಅವಳು ಮಡಿಸಿಟ್ಟ ಹಾಳೆಯನ್ನು ಮತ್ತೆ ಬಿಡಿಸತೊಡಗಿದಳು. ಅದೇ ಉತ್ತರ.

ಕೋಟಿನ ಧೈರ್ಯವೋ ಏನೋ, ನಾನು ಇನ್ನೊಂದು ಕೇಳಿದೆ. ಬೇಕಾದವರು, ಇಲ್ಲ ಎನ್ನಲಾಗದವರು ಮನೆಗೆ ಬಂದು ಒಂದು ಸಹಿ ಹಾಕು, ಆಮೇಲೆ ನೋಡಿಕೊಳ್ಳೋಣ ಎಂದರೆ? ಸುಮನಾ ನಕ್ಕಳು. ಇಲ್ಲಿ ಹಾಗೆಲ್ಲ ಯಾರೂ ಕೇಳುವುದಿಲ್ಲ ಎಂದಳು.

ಆಗ ನಾನು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ. ನಿಮ್ಮ ತಾತ ಒಳ್ಳೆಯವರು. ಒಳ್ಳೆಯವರಾಗಿದ್ದರಿಂದಲೇ ಹೀಗಾಯಿತು.

ಒಂದು ಸಂಜೆ ಬೀಗರ ಕಡೆಯ ಹಿರಿಯರೊಬ್ಬರು ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ ಹಿಡಿದು ಬಂದರು. ಜೊತೆಯಲ್ಲಿ ಸುರುಳಿ ಸುತ್ತಿದ ಪ್ಲಾನು. ಪೇಟೆ ಬೀದಿಯ ಹಳೆಯ ಮನೆಯ ಮೇಲೆ ಮಹಡಿ ಎತ್ತಬೇಕು, ನಾಳೆಯೇ ಪುರಸಭೆಗೆ ಕೊಡಬೇಕು, ಇವತ್ತು ಸಹಿ ಹಾಕಿ, ನಾಳೆ ಬಂದು ಮನೆ ನೋಡಿ ಎಂದರು. ಇವರು ಸ್ವಲ್ಪ ಹೊತ್ತು ಪ್ಲಾನ್ ಬಿಡಿಸಿ ನೋಡಿದರು. ಹಿರಿಯರು ಕಾಫಿ ಕುಡಿಯುತ್ತಾ ಕಾದರು. ಇವರು ಸಹಿ ಹಾಕಿದರು. ಮಾರನೆಯ ದಿನ ಬೇರೆ ಕೆಲಸ ಬಂತು. ಅದರ ಮಾರನೆಯ ದಿನ ಇನ್ನೊಂದು. ಹೋಗಿ ನೋಡಲೇ ಇಲ್ಲ. ಮಹಡಿ ಎದ್ದಿತು. ಕೆಳಗಿನ ಗೋಡೆಗಳು ಬರೀ ಮಣ್ಣಿನವು ಎಂದು ಇವರಿಗೆ ಗೊತ್ತಾದಾಗ ಮೇಲೆ ಜನ ಸಂಸಾರ ಹೂಡಿದ್ದರು.

ಏನಾಯಿತು? ಏನೂ ಆಗಲಿಲ್ಲ. ಆ ಮನೆ ಬೀಳಲಿಲ್ಲ.

ಆದರೆ ನಿಮ್ಮ ತಾತ ಆ ಬೀದಿಯಲ್ಲಿ ಮತ್ತೆ ಕಾಲಿಡಲಿಲ್ಲ. ತರಕಾರಿ ಸಂತೆಗೆ ಪೇಟೆ ಬೀದಿ ಹತ್ತಿರದ ದಾರಿ. ಅವರು ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದರು. ಚೀಲ ಹೊತ್ತು ನಾನೂ ಹಿಂದೆಯೇ. ಅಲ್ಲಿ ಯಾರ ಮೇಲೋ ದ್ವೇಷವಿರಬೇಕು ಎಂದುಕೊಂಡಿದ್ದೆ. ಜೋರು ಮಳೆ ಬಂದ ದಿನ ಅನ್ನ ಕಲಸಿದ ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು ಕೂರುತ್ತಿದ್ದರು. ಒಂದು ವರ್ಷ ಸುಣ್ಣ ಬಳಿಯಬೇಕೆಂದು ಲೈಸೆನ್ಸಿನ ಕಟ್ಟನ್ನು ಗೋಡೆಯಿಂದ ಇಳಿಸಿದರು. ಸುಣ್ಣ ಒಣಗಿತು. ದೇವರ ಪಟ ಮೇಲೇರಿತು, ಕ್ಯಾಲೆಂಡರ್ ಮೇಲೇರಿತು. ಲೈಸೆನ್ಸ್ ಏರಲಿಲ್ಲ.

ಕಾರಣ ನನಗೆ ಹೇಳಿದ್ದು ಕೊನೆಯ ವರ್ಷ, ಆಸ್ಪತ್ರೆಯ ಬೆಂಚಿನ ಮೇಲೆ, ಟೋಕನ್ ನಂಬರಿಗೆ ಕಾಯುವಾಗ. "ಹೋಗಿ ನೋಡಿದ್ರೆ ಅರ್ಧ ಗಂಟೆ ಕೆಲಸ ಕಣೆ," ಎಂದರು. ಅಷ್ಟರಲ್ಲಿ ನಮ್ಮ ನಂಬರ್ ಕೂಗಿದರು.

ಸುಮನಾ ನನ್ನ ಹೆಗಲಿನ ಕೋಟು ತೆಗೆದು ಕುರ್ಚಿಗೆ ಹಾಕಿದಳು. ಆಮೇಲೆ, "ಮಾವ ನಂಗೆ ಒಂದ್ ಸಲಾನೂ ಹೇಳ್ಲಿಲ್ಲ," ಎಂದಳು. ಪ್ರಶ್ನೆಯ ಹಾಳೆಯನ್ನು ಡ್ರಾಯರಿಗೆ ಹಾಕಿದಳು. "ಅತ್ತೆ, ನಾಳೆಯಿಂದ ನಂಗೆ ಗೊತ್ತಿಲ್ದಿರೋದನ್ನೇ ಕೇಳಿ."

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಆಟ ಶುರುವಾಯಿತು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಎಷ್ಟು? "ಅಂದಾಜು ಒಂದು..." ಎಂದು ಸುಮನಾ ಶುರು ಮಾಡಿದರೆ ಇಂಚರ ಮೇಜು ಕುಟ್ಟುವಳು. "ಅಮ್ಮ, ಗೊತ್ತಿಲ್ಲ ಅನ್ನು!" ಸಿಂಹ ಮಾಸ ಯಾವಾಗ? ಮೆಂತ್ಯ ಹಿಟ್ಟಿಗೆ ಏನೇನು ಹುರಿಯಬೇಕು? ಹೆಸರಾಂತ ಕೊರಿಯನ್ ಹಾಡುಗಾರರ ಗುಂಪಿನಲ್ಲಿ ಎಷ್ಟು ಜನ? ಮೊದಲ ಎರಡು ದಿನ ಅವಳ ಬಾಯಿಗೆ ಆ ಪದ ಬರಲೇ ಇಲ್ಲ. ಹೆಣ್ಣುಮಗಳು, ಗಂಡಸರೇ ತುಂಬಿರುವ ಈ ಕೆಲಸದಲ್ಲಿ ಹದಿನೆಂಟು ವರ್ಷ ನಿಂತವಳು. ಗೊತ್ತಿಲ್ಲ ಎಂದಿದ್ದರೆ ಅಲ್ಲಿ ಯಾರು ಅವಳ ಮಾತು ಕೇಳುತ್ತಿದ್ದರು? ಗೊತ್ತಿದೆ, ಗೊತ್ತಿದೆ ಎಂದೇ ಅವಳು ಅಲ್ಲಿ ಉಳಿದದ್ದು. ಅದು ನನಗೆ ಆಗ ಹೊಳೆಯಿತು.

ನಾಲ್ಕನೆಯ ದಿನ, ಸ್ವಲ್ಪ ತಡವರಿಸಿ, "ಗೊತ್ತಿಲ್ಲ. ಕೇಳಿ ಹೇಳ್ತೀನಿ," ಎಂದಳು. ಇಂಚರ ಚಪ್ಪಾಳೆ ತಟ್ಟಿದಳು.

ರಾಘು ಮಾತ್ರ ಆಟದಲ್ಲಿ ಕೊನೆಯವರೆಗೂ ಸೋತ. (ದಾರಿ ತಪ್ಪಿದರೂ ಗೊತ್ತಿಲ್ಲ ಎನ್ನದ ವಂಶ. ಮೂರು ಸಲ ಅದೇ ರೌಂಡಾಬೌಟ್ ಸುತ್ತುವವರು.)

ಇಂಟರ್ವ್ಯೂ ಮುಗಿಸಿ ಬಂದ ಸುಮನಾ ಚಪ್ಪಲಿ ಬಿಡುತ್ತಲೇ ಹೇಳಿದಳು. ನಾಲ್ಕು ವಿಷಯ ಕೇಳಿದರಂತೆ. ಮೂರಕ್ಕೆ ಚೆನ್ನಾಗಿ ಹೇಳಿದಳಂತೆ. ನಾಲ್ಕನೆಯದು ಸಮುದ್ರದ ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಆಳವಾಗಿ ಅಗೆಯುವುದರ ಬಗ್ಗೆ. ಅವಳು ಎಂದೂ ಮಾಡದ ಕೆಲಸ. "ಇದು ನಂಗೆ ಗೊತ್ತಿಲ್ಲ, ಮಣ್ಣಿನ ಕೆಲಸ ತಿಳಿದವರನ್ನ ಕರೆಸ್ತೀನಿ, ಅವರು ಹೇಳೋವರ್ಗೂ ಸೈನ್ ಮಾಡಲ್ಲ ಅಂದೆ ಅತ್ತೆ. ಒಬ್ರು ಏನೋ ಬರ್ಕೊಂಡ್ರು. ನಗ್ಲಿಲ್ಲ."

ಬರೆದುಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ? ವಾರಗಟ್ಟಲೆ ನಮಗೆ ಅದೇ ಚರ್ಚೆ. ಆಫೀಸಿನಲ್ಲಿ ಆಗಲೇ ಹೊರಗಿನ ಒಬ್ಬರಿಬ್ಬರನ್ನು ಕರೆಸಿ ಮಾತಾಡಿಸಿದ್ದರು. ಸುಮನಾ ಬೆಳಗ್ಗೆ ಓಡುವುದನ್ನೂ ಬಿಟ್ಟಳು. ನಾನು ಕ್ಯಾರೆಟ್ ತರುವುದನ್ನು ಬಿಟ್ಟೆ.

ಒಂದು ಸಂಜೆ ಅವಳ ಫೋನ್ ಬಂತು. ಹಿಂದೆ ಎಂ.ಆರ್.ಟಿ. ರೈಲಿನ ಸದ್ದು. ರೈಲಿನಲ್ಲಿ ಜೋರಾಗಿ ಮಾತಾಡುವುದು ಅವಳಿಗೆ ಆಗದು. "ಅತ್ತೆ, ಆಯ್ತು," ಎಂದಳು. ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಬಿಡಿ, ಶುಭವೇ.

ಗೊತ್ತಿಲ್ಲ ಎಂದದ್ದರಿಂದ ಪಾಸಾದಳೋ, ಉಳಿದ ಮೂರರಿಂದಲೋ? ಗೊತ್ತಿಲ್ಲ. (ನೋಡಿ, ನಾನೂ ಕಲಿತಿದ್ದೇನೆ.) ವೀಣಾಳಿಗೂ ನಿಜ ಹೇಳಿ ಕ್ಷಮೆ ಕೇಳಿದೆ. ಅವಳು, "ಪರ್ವಾಗಿಲ್ಲ ಆಂಟಿ, ಇವ್ನು ಈಗ ಚೆಸ್ ಸೇರ್ಕೊಂಡಿದಾನೆ," ಎಂದಳು.

ಇನ್ನು ಮೊನ್ನೆ ಶುಕ್ರವಾರದ ಮಾತು.

ಸುಮನಾಳ ಮುದ್ರೆ ಮನೆಗೆ ಬಂತು. ಹೆಚ್ಚಿನದೆಲ್ಲ ಈಗ ಕಂಪ್ಯೂಟರಿನಲ್ಲೇ ಸಹಿಯಾಗಿ ಹೋಗುತ್ತದಂತೆ. ಆದರೂ ಕಾಗದದ ನಕ್ಷೆಗಳಿಗೆಂದು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದ್ದಳು. ಅದರಲ್ಲಿ ಅವಳ ಹೆಸರು, ಅವಳ ನಂಬರು. ಮೊದಲ ನಕ್ಷೆಯೂ ಸಿದ್ಧವಾಗಿತ್ತು. ಬೂನ್ ಲೇ ಕಡೆಯ ಒಂದು ಚಿಕ್ಕ ಕಾರ್ಖಾನೆಗೆ, ಹಳೆಯ ಕಂಬಗಳ ಮೇಲೆ ಹೊಸ ಶೀಟಿನ ಮಾಡು. ಆಫೀಸಿನ ಕಿರಿಯ ಇಂಜಿನಿಯರೊಬ್ಬಳು ಮಾಡಿದ್ದ ಲೆಕ್ಕ. ಕಾರ್ಖಾನೆಯವರಿಗೆ ಬಹಳ ಅವಸರ.

ಮೊದಲ ಮುದ್ರೆ ಹಾಗೇ ಒತ್ತುವುದುಂಟೇ? ನಾನು ಪಂಚಾಂಗ ತೆಗೆದೆ. ಅದು ಬೆಂಗಳೂರಿನ ಸೂರ್ಯನಿಗೆ ಬರೆದದ್ದು, ಇಲ್ಲಿಯ ಸೂರ್ಯನ ಹೊತ್ತೇ ಬೇರೆ. ರಾಘು ಕೂಡಿ ಕಳೆದು, ರಾಹುಕಾಲ ಶುರುವಾಗುವ ಮೊದಲು ಮುಕ್ಕಾಲು ಗಂಟೆ ಒಳ್ಳೆಯ ಹೊತ್ತಿದೆ ಎಂದ. ಸುಮನಾ ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಕ್ಕಳಿಗೆ ಶಾಲೆಗೆ ರಜೆ. ದೇವರ ಮುಂದೆ ಮಣೆ ಹಾಕಿ, ಸ್ಟ್ಯಾಂಪಿಗೆ ಅರಿಶಿನ ಕುಂಕುಮ ಹಚ್ಚಿದೆ. ರಬ್ಬರಿಗೆ ಹಚ್ಚಿದರೆ ನಕ್ಷೆಯ ಮೇಲೆ ಕುಂಕುಮವೇ ಪ್ರಿಂಟಾಗುತ್ತದೆ ಎಂದು ಇಂಚರ ಎಚ್ಚರಿಸಿದ್ದರಿಂದ ಹಿಡಿಗೆ ಮಾತ್ರ ಹಚ್ಚಿದೆ. ಸುಹಾಸ ವೀಡಿಯೊ ತೆಗೆಯಲು ನಿಂತ.

ಸುಮನಾ ನಮಸ್ಕಾರ ಮಾಡಿದಳು. ಸ್ಟ್ಯಾಂಪ್ ಕೈಗೆತ್ತಿಕೊಂಡಳು. ನಕ್ಷೆ ಬಿಡಿಸಿದಳು. ನೋಡಿದಳು. ಮತ್ತೆ ನೋಡಿದಳು. ಅವಳ ಬೆರಳು ಒಂದು ಕಂಬದ ಬುಡದಲ್ಲಿ ನಿಂತಿತು.

ಕಿರಿಯವಳಿಗೆ ಫೋನ್ ಮಾಡಿ ಈ ಹಳೆಯ ಕಂಬಗಳ ತಳವನ್ನು ಯಾರು ನೋಡಿದ್ದಾರೆ ಎಂದು ಕೇಳಿದಳು. ಹಳೆಯ ನಕ್ಷೆಯಲ್ಲಿ ಇದ್ದದ್ದನ್ನೇ ತೆಗೆದುಕೊಂಡದ್ದು ಎಂದು ಆ ಕಡೆಯಿಂದ ಉತ್ತರ ಬಂತು. ಅಂದರೆ ಯಾರೂ ನೋಡಿಲ್ಲ.

"ಸುಮನಾ, ಟೈಮ್ ಆಗ್ತಿದೆ," ಎಂದ ರಾಘು. "ಒತ್ತಿಬಿಡು. ಆಮೇಲೆ ಬೇಕಾದ್ರೆ ಹೋಗಿ ನೋಡ್ಕೊಂಡು ಬಾ."

ಅವಳು ನನ್ನ ಕಡೆ ನೋಡಿದಳು. ನಾನು ಪಂಚಾಂಗ ಮುಚ್ಚಿದೆ.

ಸ್ಟ್ಯಾಂಪಿಗೆ ಮುಚ್ಚಳ ಹಾಕಿ ಮಣೆಯ ಮೇಲಿಟ್ಟಳು. ಅಷ್ಟರಲ್ಲಿ ಕಾರ್ಖಾನೆಯವರ ಫೋನು ಎರಡು ಸಲ ಬಂದಿತ್ತು. ಅವರಿಗೆ, ಇವತ್ತು ಆಗುವುದಿಲ್ಲ, ಬಂದು ಅಗೆಸಿ ನೋಡಿದ ಮೇಲೆ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು. ಆ ಕಡೆಯವರು ಮೆತ್ತಗೆ ಮಾತಾಡಲಿಲ್ಲವೆಂದು ಕಾಣುತ್ತದೆ. ಅವಳು ಅದೇ ಮಾತನ್ನು ಇನ್ನೊಂದು ಸಲ, ಅಷ್ಟೇ ಮೆತ್ತಗೆ ಹೇಳಿದಳು. ಬೂಟು ಹಾಕಿಕೊಂಡು, ಹೆಲ್ಮೆಟ್ಟನ್ನು ಚೀಲಕ್ಕೆ ತುರುಕಿದಳು. ಟ್ಯಾಂಪಿನೀಸಿನಿಂದ ಬೂನ್ ಲೇ ಎಂದರೆ ಊರಿನ ಈ ತುದಿಯಿಂದ ಆ ತುದಿ. ಒಂದೇ ರೈಲು, ಆದರೂ ಒಂದು ನಿದ್ದೆ ತೆಗೆಯುವಷ್ಟು ದೂರ.

"ಬರ್ತೀನಿ ಅತ್ತೆ. ಊಟಕ್ಕೆ ಕಾಯ್ಬೇಡಿ."

ಲಿಫ್ಟಿನ ಬಾಗಿಲು ಮುಚ್ಚಿತು. ರಾಹುಕಾಲ ಶುರುವಾಯಿತು. ಸುಹಾಸ, ಇದನ್ನು ಸೇವ್ ಮಾಡಲೋ ಡಿಲೀಟ್ ಮಾಡಲೋ ಎಂದು ಕೇಳಿದ. ಸೇವ್ ಮಾಡು ಎಂದೆ.

ಆಮೇಲೆ ಪಂಚಾಂಗವನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಪುಟ ತಿರುಗಿಸಿದೆ. ಮದುವೆಗಿದೆ, ಗೃಹಪ್ರವೇಶಕ್ಕಿದೆ, ಬಾವಿ ತೋಡುವುದಕ್ಕೂ ಇದೆ. ಮುದ್ರೆ ಒತ್ತದೆ ಎದ್ದು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತವನ್ನು ಯಾವ ಪಂಚಾಂಗದಲ್ಲಿ ಹುಡುಕಲಿ?